ಜೋನಿ ಮಿಚೆಲ್

ಜೋನಿ ಮಿಚೆಲ್ (ಜನನ: 7 ನವೆಂಬರ್ 1943) ಕೆನಡಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಹೆಸರಾದ ವಾಗ್ಗೇಯಕಾರ್ತಿ, ಗಿಟಾರ್ ವಾದಕಿ ಮತ್ತು ಚಿತ್ರಕಲಾವಿದೆ. 1968ರಿಂದ 2007ರವರೆಗೆ ಇವರ 19 ಸ್ಟುಡಿಯೊ ಆಲ್ಬಮ್‌ಗಳು ಪ್ರಕಟವಾಗಿವೆ. ಒಂಟಿ ಗಿಟಾರಿನ ಜಾನಪದ ಶೈಲಿಯಿಂದ ಹೊರಟ ಇವರ ಸಂಗೀತ ರಾಕ್, ಜಾಸ್ ಮತ್ತು ಎಲೆಕ್ಟ್ರಾನಿಕ್ ನಾದಗಳನ್ನು ಹಾಯ್ದು ಪೂರ್ಣ ವಾದ್ಯವೃಂದದವರೆಗೆ ಬೆಳೆಯಿತು. ಈ ಬೆಳವಣಿಗೆಯ ಉದ್ದಕ್ಕೂ ಎರಡು ಅಂಶಗಳು ಕಾಣುತ್ತವೆ. ಗಿಟಾರನ್ನು ಶ್ರುತಿ ಮಾಡುವ ಇವರದೇ ಕ್ರಮ ಒಂದು, ವರ್ಷ ಕಳೆದಂತೆ ತಗ್ಗುತ್ತ ಬಂದ ಶಾರೀರ ಇನ್ನೊಂದು.

ಪರಿಭಾಷೆ

ಹಾಡಿನ ಮಾತು ಮತ್ತು ಧಾತು, ಅಂದರೆ ಸಾಹಿತ್ಯ ಮತ್ತು ಸ್ವರ, ಇವೆರಡನ್ನೂ ರಚಿಸುವವರನ್ನು ಕರ್ನಾಟಕ ಸಂಗೀತದಲ್ಲಿ ವಾಗ್ಗೇಯಕಾರರು ಎನ್ನುತ್ತಾರೆ. ತಾನೇ ಬರೆದು, ತಾನೇ ಸಂಯೋಜಿಸಿ, ತಾನೇ ಹಾಡುವ ಪಾಶ್ಚಾತ್ಯ ಕಲಾವಿದರಿಗೂ ಈ ಲೇಖನದಲ್ಲಿ ಅದೇ ಪದವನ್ನು ಬಳಸಿದೆ. ಹಲವು ಸ್ವರಗಳನ್ನು ಏಕಕಾಲದಲ್ಲಿ ನುಡಿಸುವುದಕ್ಕೆ ಸ್ವರಮೇಳ ಎಂದೂ, ಗಿಟಾರಿನ ಆರು ತಂತಿಗಳನ್ನು ಯಾವ ಯಾವ ಸ್ವರಕ್ಕೆ ಹೊಂದಿಸಬೇಕೆಂಬ ಏರ್ಪಾಡಿಗೆ ಶ್ರುತಿಜೋಡಣೆ ಎಂದೂ ಹೇಳಿದೆ. ಯಾವ ತಂತಿಯನ್ನೂ ಒತ್ತದೆ ಮೀಟಿದರೂ ಒಂದು ಸ್ವರಮೇಳ ಕೇಳಿಬರುವಂಥ ಜೋಡಣೆಯೇ ತೆರೆದ ಶ್ರುತಿ. ಗಿಟಾರಿನ ಕೊರಳ ಮೇಲಿನ ಅಡ್ಡಪಟ್ಟಿಗಳನ್ನು ವೀಣೆಯ ಪರಿಭಾಷೆಯಂತೆ ಮೆಟ್ಟುಗಳೆಂದು ಕರೆದಿದೆ.

ಜನನ ಮತ್ತು ಬಾಲ್ಯ

ಮಿಚೆಲ್ ಅವರ ಹುಟ್ಟುಹೆಸರು ರಾಬರ್ಟಾ ಜೋನ್ ಆಂಡರ್ಸನ್. ಜನ್ಮಸ್ಥಳ ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಫೋರ್ಟ್ ಮ್ಯಾಕ್ಲಿಯೋಡ್. ತಂದೆ ಕೆನಡಾದ ವಾಯುಪಡೆಯಲ್ಲಿದ್ದವರು, ಯುದ್ಧದ ನಂತರ ದಿನಸಿ ವ್ಯಾಪಾರಕ್ಕೆ ಬಂದರು. ತಾಯಿ ಶಾಲಾ ಶಿಕ್ಷಕಿ. ಕುಟುಂಬ ಸಸ್ಕ್ಯಾಚುವನ್ ಪ್ರಾಂತ್ಯದ ಬಯಲುಸೀಮೆಯ ಸಣ್ಣ ಊರುಗಳಲ್ಲಿ ಕೆಲಕಾಲ ಇದ್ದು, ಕೊನೆಗೆ ಸಸ್ಕಟೂನ್ ನಗರದಲ್ಲಿ ನೆಲೆಸಿತು.

ಒಂಬತ್ತನೆಯ ವಯಸ್ಸಿನಲ್ಲಿ ಇವರಿಗೆ ಪೋಲಿಯೊ ತಗುಲಿತು. ಆಸ್ಪತ್ರೆಯಲ್ಲಿ ಮಲಗಿದ್ದಾಗ ಜೊತೆಯ ರೋಗಿಗಳಿಗೆ ಹಾಡಿ ತೋರಿಸುತ್ತಿದ್ದರು. ಕಾಯಿಲೆ ವಾಸಿಯಾಯಿತಾದರೂ ಎಡಗೈಯ ಬಲ ಕುಂದಿತು. ಮುಂದೆ ಇವರ ವಾದನಶೈಲಿಯನ್ನು ರೂಪಿಸಿದ್ದು ಈ ಕುಂದೇ. ಏಳನೆಯ ತರಗತಿಯಲ್ಲಿ ಆರ್ಥರ್ ಕ್ರಾಟ್ಸ್‌ಮನ್ ಎಂಬ ಶಿಕ್ಷಕರು, ಚಿತ್ರ ಬರೆಯುತ್ತಿದ್ದ ಹುಡುಗಿಯನ್ನು ಪದ್ಯ ಬರೆಯುವುದಕ್ಕೂ ಹಚ್ಚಿದರು. ಮಿಚೆಲ್ ತಮ್ಮ ಮೊದಲ ಆಲ್ಬಮನ್ನು ಅವರಿಗೆ ಅರ್ಪಿಸಿದ್ದಾರೆ.

ಕಲಿತ ಮೊದಲ ತಂತಿವಾದ್ಯ ಯುಕುಲೇಲಿ. ಗಿಟಾರಿನ ಮೊದಲ ಪಾಠಗಳು ಜಾನಪದ ಗಾಯಕ ಪೀಟ್ ಸೀಗರ್ ಅವರ ಬೋಧನಾ ಧ್ವನಿಮುದ್ರಿಕೆಯಿಂದ ದೊರೆತವು. 1963ರಲ್ಲಿ ಕ್ಯಾಲ್ಗರಿಯ ಕಲಾಶಾಲೆ ಸೇರಿದರು. ಹಗಲು ಚಿತ್ರಕಲೆ, ರಾತ್ರಿ ಊರಿನ ಕಾಫಿ ಹೌಸಿನಲ್ಲಿ ಹಾಡುಗಾರಿಕೆ ಎಂಬಂತೆ ಒಂದು ವರ್ಷ ಕಳೆದು, 1964ರಲ್ಲಿ ಶಾಲೆ ಬಿಟ್ಟು ಟೊರಾಂಟೊಗೆ ಹೊರಟರು.

ಕಾಫಿ ಹೌಸ್‌ಗಳ ಕಾಲ

1960ರ ದಶಕದಲ್ಲಿ ಉತ್ತರ ಅಮೆರಿಕದ ಕಾಫಿ ಹೌಸ್‌ಗಳು ಜಾನಪದ ಸಂಗೀತದ ಪುನರುಜ್ಜೀವನಕ್ಕೆ ನೆಲೆಯಾಗಿದ್ದವು. ಟೊರಾಂಟೊದ ಯಾರ್ಕ್‌ವಿಲ್ ಬಡಾವಣೆಯಲ್ಲಿ ಇಂಥ ಹಲವು ಜಾಗಗಳಿದ್ದವು. 1965ರ ಫೆಬ್ರವರಿಯಲ್ಲಿ ಮಿಚೆಲ್ ಹೆಣ್ಣುಮಗುವಿಗೆ ಜನ್ಮವಿತ್ತರು. ಕೈಯಲ್ಲಿ ಕಾಸಿಲ್ಲದ ಅವಿವಾಹಿತ ತಾಯಿಯಾಗಿದ್ದ ಅವರು ಮಗುವನ್ನು ದತ್ತು ಕೊಟ್ಟರು. ತಾಯಿ ಮಗಳು ಮತ್ತೆ ಭೇಟಿಯಾದದ್ದು 1997ರಲ್ಲಿ. 'ಬ್ಲೂ' ಆಲ್ಬಮ್ಮಿನ 'ಲಿಟ್ಲ್ ಗ್ರೀನ್' ಹಾಡಿನ ವಸ್ತು ಈ ಅಗಲಿಕೆ.

1965ರಲ್ಲೇ ಗಾಯಕ ಚಕ್ ಮಿಚೆಲ್ ಅವರನ್ನು ಮದುವೆಯಾಗಿ ಡೆಟ್ರಾಯಿಟ್‌ಗೆ ಬಂದರು. ಎರಡು ವರ್ಷಗಳಲ್ಲಿ ಇಬ್ಬರೂ ಬೇರೆಯಾದರು, ಗಂಡನ ಮನೆತನದ ಹೆಸರು ಮಾತ್ರ ಉಳಿಯಿತು. 1967ರಲ್ಲಿ ನ್ಯೂಯಾರ್ಕ್‌ಗೆ ಹೋದ ಮಿಚೆಲ್ ಗಾಯಕಿಯಾಗಿ ಹೆಸರಾಗುವ ಮುನ್ನ ರಚನೆಕಾರ್ತಿಯಾಗಿಯೇ ಪ್ರಸಿದ್ಧರಾದರು. ಟಾಮ್ ರಶ್, ಬಫಿ ಸೇಂಟ್-ಮರಿ ಮೊದಲಾದವರು ಇವರ ಹಾಡುಗಳನ್ನು ಹಾಡತೊಡಗಿದ್ದರು. ಜೂಡಿ ಕಾಲಿನ್ಸ್ ಕಂಠದಲ್ಲಿ 'ಬೋತ್ ಸೈಡ್ಸ್ ನೌ' 1968ರಲ್ಲಿ ಜನಪ್ರಿಯವಾಯಿತು. ಅದೇ ಹೊತ್ತಿಗೆ, ಫ್ಲಾರಿಡಾದ ಕ್ಲಬ್ ಒಂದರಲ್ಲಿ ಇವರ ಹಾಡು ಕೇಳಿದ್ದ ಗಾಯಕ ಡೇವಿಡ್ ಕ್ರಾಸ್ಬಿ ಇವರನ್ನು ಕ್ಯಾಲಿಫೋರ್ನಿಯಾಗೆ ಕರೆತಂದು ಮೊದಲ ಆಲ್ಬಮ್ ನಿರ್ಮಿಸಿದರು.

ಶ್ರುತಿಜೋಡಣೆ

ಗಿಟಾರಿನ ರೂಢಿಯ ಶ್ರುತಿಜೋಡಣೆಯಲ್ಲಿ ಆರು ತಂತಿಗಳು ಕೆಳಗಿನಿಂದ ಮೇಲಕ್ಕೆ ಇ-ಎ-ಡಿ-ಜಿ-ಬಿ-ಇ ಸ್ವರಗಳಿಗಿರುತ್ತವೆ. ಇದರಲ್ಲಿ ಸ್ವರಮೇಳ ಹಿಡಿಯಲು ಎಡಗೈಯ ಬೆರಳುಗಳನ್ನು ಬಗೆಬಗೆಯಾಗಿ ಚಾಚಿ ಒತ್ತಬೇಕು. ಪೋಲಿಯೊದಿಂದ ಸೊರಗಿದ ಕೈಗೆ ಅದು ಕಷ್ಟವಾಯಿತು. ಗಾಯಕ ಎರಿಕ್ ಆಂಡರ್ಸನ್ ತೆರೆದ ಶ್ರುತಿಯನ್ನು ಪರಿಚಯಿಸಿದ ಮೇಲೆ ಮಿಚೆಲ್ ಅದನ್ನೇ ತಮ್ಮ ದಾರಿಯಾಗಿ ಮಾಡಿಕೊಂಡರು.

ತೆರೆದ ಜಿ ಶ್ರುತಿ ಇದಕ್ಕೆ ಸರಳ ಉದಾಹರಣೆ. ಆರನೆಯ, ಐದನೆಯ ಮತ್ತು ಒಂದನೆಯ ತಂತಿಗಳನ್ನು ತುಸು ಸಡಿಲಿಸಿದರೆ ಜೋಡಣೆ ಡಿ-ಜಿ-ಡಿ-ಜಿ-ಬಿ-ಡಿ ಆಗುತ್ತದೆ. ಜಿಯನ್ನು ಷಡ್ಜವೆಂದು ಇಟ್ಟುಕೊಂಡರೆ ಇದು ಪ-ಸ-ಪ-ಸ-ಗ-ಪ. ಎಡಗೈ ಮುಟ್ಟದೆಯೇ ಪೂರ್ಣ ಸ್ವರಮೇಳ ನುಡಿಯುತ್ತದೆ. ಒಂದೇ ಬೆರಳನ್ನು ಅಡ್ಡಲಾಗಿ ಒತ್ತಿ ಮೇಲೆ ಕೆಳಗೆ ಸರಿಸಿದರೆ ಉಳಿದ ಸ್ವರಮೇಳಗಳೂ ದೊರೆಯುತ್ತವೆ.

ಮಿಚೆಲ್ ಇಲ್ಲಿಗೆ ನಿಲ್ಲದೆ ಹಾಡಿಗೊಂದರಂತೆ ಹೊಸ ಜೋಡಣೆಗಳನ್ನು ಹುಡುಕಿಕೊಂಡರು. ಇವರು ಬಳಸಿದ ಶ್ರುತಿಜೋಡಣೆಗಳು 50ಕ್ಕೂ ಹೆಚ್ಚು. ಅವನ್ನು ನೆನಪಿಡಲು ಸಂಕೇತಕ್ರಮವೊಂದನ್ನೂ ರೂಪಿಸಿದರು. ಮೊದಲು ಅತಿ ಕೆಳಗಿನ ತಂತಿಯ ಸ್ವರದ ಹೆಸರು ಬರುತ್ತದೆ. ಆಮೇಲೆ ಬರುವ ಅಂಕಿಗಳು, ಒಂದು ತಂತಿಯನ್ನು ಎಷ್ಟನೆಯ ಮೆಟ್ಟಿನಲ್ಲಿ ಒತ್ತಿದರೆ ಮುಂದಿನ ತಂತಿಯ ಸ್ವರ ಸಿಗುತ್ತದೆ ಎಂಬುದನ್ನು ಸೂಚಿಸುತ್ತವೆ. ಈ ಕ್ರಮದಲ್ಲಿ ರೂಢಿಯ ಜೋಡಣೆ 'ಇ 5 5 5 4 5', ತೆರೆದ ಜಿ ಶ್ರುತಿ 'ಡಿ 5 7 5 4 3'.

ಈ ಪದ್ಧತಿಯಿಂದ ಎರಡು ಪರಿಣಾಮಗಳಾದವು. ಒತ್ತದೆ ಬಿಟ್ಟ ತಂತಿಗಳು ಸದಾ ಮೊಳಗುವುದರಿಂದ ಸ್ವರಮೇಳಗಳಲ್ಲಿ ಪೂರ್ಣ ನಿಲುಗಡೆ ಬಾರದೆ, ಬಗೆಹರಿಯದ ಒಂದು ಕಾತರ ಉಳಿಯುತ್ತದೆ. ಮಿಚೆಲ್ ಇವನ್ನು ಪ್ರಶ್ನೆ ಕೇಳುವ ಸ್ವರಮೇಳಗಳೆಂದು ವಿವರಿಸಿದ್ದಾರೆ. ಪಾಠದ ಪುಸ್ತಕಗಳಲ್ಲಿ ಹೆಸರಿಲ್ಲದ ಇಂಥ ಮೇಳಗಳಿಗೆ ಪಕ್ಕವಾದ್ಯ ನುಡಿಸುವುದು ರಾಕ್ ವಾದಕರಿಗೆ ಕಷ್ಟವಾಗುತ್ತಿತ್ತು. ಜಾಸ್ ವಾದಕರಿಗೆ ಅದು ಒಗ್ಗಿತು. ಮಿಚೆಲ್ ಜಾಸ್ ಕಡೆಗೆ ಹೊರಳಲು ಇದೂ ಒಂದು ಕಾರಣ.

ನಾದದ ಘಟ್ಟಗಳು

*ಒಂಟಿ ಗಿಟಾರ್ (1968–1970):* 'ಸಾಂಗ್ ಟು ಎ ಸೀಗಲ್' (1968) ಮತ್ತು 'ಕ್ಲೌಡ್ಸ್' (1969) ಆಲ್ಬಮ್‌ಗಳಲ್ಲಿ ಬಹುಪಾಲು ಕೇಳುವುದು ಇವರ ಕಂಠ ಮತ್ತು ಗಿಟಾರ್ ಮಾತ್ರ. ತಾರಸ್ಥಾಯಿಯಲ್ಲಿ ಸಲೀಸಾಗಿ ಸಂಚರಿಸುವ ತೆಳುವಾದ ಸೊಪ್ರಾನೊ ಶಾರೀರ ಈ ಘಟ್ಟದ ಗುರುತು. 'ಕ್ಲೌಡ್ಸ್' ಇವರಿಗೆ ಮೊದಲ ಗ್ರ್ಯಾಮಿ ಪ್ರಶಸ್ತಿ ತಂದಿತು. 'ಲೇಡೀಸ್ ಆಫ್ ದಿ ಕ್ಯಾನ್ಯನ್' (1970) ಆಲ್ಬಮ್‌ನಲ್ಲಿ ಪಿಯಾನೊ ಮುಖ್ಯವಾಯಿತು. ಇದರ 'ಬಿಗ್ ಯೆಲ್ಲೊ ಟ್ಯಾಕ್ಸಿ' ಹವಾಯಿಯ ಹೋಟೆಲ್ ಕೋಣೆಯ ಕಿಟಕಿಯಿಂದ ಕಂಡ ದೃಶ್ಯದಿಂದ ಹುಟ್ಟಿದ್ದು. ದೂರದಲ್ಲಿ ಹಸಿರು ಬೆಟ್ಟ, ಕಣ್ಣು ಕೆಳಗಿಳಿಸಿದರೆ ವಾಹನ ನಿಲುಗಡೆಯ ಮೈದಾನ. ಪರಿಸರ ಚಳವಳಿಯವರು ಈ ಹಾಡನ್ನು ತಮ್ಮದಾಗಿಸಿಕೊಂಡರು. 'ವುಡ್‌ಸ್ಟಾಕ್' ಹಾಡು 1969ರ ಪ್ರಸಿದ್ಧ ಸಂಗೀತೋತ್ಸವವನ್ನು ಕುರಿತದ್ದು. ದೂರದರ್ಶನ ಕಾರ್ಯಕ್ರಮವೊಂದಕ್ಕೆ ಒಪ್ಪಿಕೊಂಡಿದ್ದರಿಂದ ಮಿಚೆಲ್ ಆ ಉತ್ಸವಕ್ಕೆ ಹೋಗಿರಲಿಲ್ಲ. ನ್ಯೂಯಾರ್ಕಿನಲ್ಲಿ ಉಳಿದು ಹಾಡು ಬರೆದರು.

*ಆತ್ಮನಿವೇದನೆ (1971–1972):* 1970ರಲ್ಲಿ ಮಿಚೆಲ್ ಕಛೇರಿಗಳಿಗೆ ಬಿಡುವು ಕೊಟ್ಟು ಯೂರೋಪಿಗೆ ಹೋದರು. ಗ್ರೀಸಿನ ಕ್ರೀಟ್ ದ್ವೀಪದ ಮಟಾಲದಲ್ಲಿ, ಕಡಲಬಂಡೆಯ ಗುಹೆಗಳಲ್ಲಿ ವಾಸಿಸುತ್ತಿದ್ದ ಯುವಜನರ ನಡುವೆ ಕೆಲಕಾಲ ಇದ್ದರು. ಒಯ್ದಿದ್ದು ಮಡಿಲ ಮೇಲಿಟ್ಟು ನುಡಿಸುವ ಅಪಲೇಷಿಯನ್ ಡಲ್ಸಿಮರ್. ಆ ಪ್ರವಾಸದ ಹಾಡುಗಳು 1971ರ ಜೂನ್‌ನಲ್ಲಿ ಬಂದ 'ಬ್ಲೂ' ಆಲ್ಬಮ್‌ನಲ್ಲಿವೆ. ಇಲ್ಲಿ ವಾದ್ಯಗಳು ಬೆರಳೆಣಿಕೆಯಷ್ಟು. ಸಾಹಿತ್ಯದಲ್ಲಿ ಪ್ರೀತಿ, ಅಗಲಿಕೆ, ತನ್ನದೇ ತಪ್ಪುಗಳ ಒಪ್ಪಿಗೆ ಮರೆಮಾಚದೆ ಬಂದಿವೆ. ಜೇಮ್ಸ್ ಟೇಲರ್ ಕೆಲವು ಹಾಡುಗಳಿಗೆ ಗಿಟಾರ್ ನುಡಿಸಿದ್ದಾರೆ. 2020ರಲ್ಲಿ ರೋಲಿಂಗ್ ಸ್ಟೋನ್ ಪತ್ರಿಕೆ ಸಿದ್ಧಪಡಿಸಿದ ಸರ್ವಕಾಲದ 500 ಶ್ರೇಷ್ಠ ಆಲ್ಬಮ್‌ಗಳ ಪಟ್ಟಿಯಲ್ಲಿ 'ಬ್ಲೂ' 3ನೆಯ ಸ್ಥಾನ ಪಡೆಯಿತು. ಮುಂದಿನ 'ಫಾರ್ ದಿ ರೋಸಸ್' (1972) ಆಲ್ಬಮ್‌ನಲ್ಲಿ ಟಾಮ್ ಸ್ಕಾಟ್ ಅವರ ಸುಷಿರವಾದ್ಯಗಳು ಸೇರಿ ಜಾಸ್‌ನ ಛಾಯೆ ಕಾಣಿಸಿಕೊಂಡಿತು.

*ಜಾಸ್ ಸಂಗಮ (1974–1980):* ಇವರ ಹಾಡುಗಳಿಗೆ ಜಾಸ್ ಬಲ್ಲ ಡ್ರಮ್ ವಾದಕರೇ ಬೇಕೆಂಬ ಸಲಹೆಯಂತೆ ಎಲ್.ಎ. ಎಕ್ಸ್‌ಪ್ರೆಸ್ ತಂಡ ಜೊತೆಗೂಡಿತು. 'ಕೋರ್ಟ್ ಆಂಡ್ ಸ್ಪಾರ್ಕ್' (1974) ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 2ನೆಯ ಸ್ಥಾನಕ್ಕೇರಿತು. ಅದರ 'ಹೆಲ್ಪ್ ಮಿ' ಹಾಡು 7ನೆಯ ಸ್ಥಾನ ತಲುಪಿತು. ಮಾರುಕಟ್ಟೆಯಲ್ಲಿ ಮಿಚೆಲ್ ಕಂಡ ಅತಿ ದೊಡ್ಡ ಯಶಸ್ಸು ಇದು.

ಗೆದ್ದ ದಾರಿಯಲ್ಲೇ ಅವರು ಮುಂದುವರಿಯಲಿಲ್ಲ. 'ದಿ ಹಿಸ್ಸಿಂಗ್ ಆಫ್ ಸಮ್ಮರ್ ಲಾನ್ಸ್' (1975) ಆಲ್ಬಮ್ 'ನಾನು' ಎಂಬ ನಿರೂಪಣೆಯನ್ನು ಬಿಟ್ಟು ಅನುಕೂಲಸ್ಥ ನಗರವಾಸಿಗಳ ಬದುಕನ್ನು ಚಿತ್ರಿಸಿತು. ಇದರ 'ದಿ ಜಂಗಲ್ ಲೈನ್' ಹಾಡಿನಲ್ಲಿ ಆಫ್ರಿಕಾದ ಬುರುಂಡಿಯ ನಗಾರಿ ವಾದಕರ ಧ್ವನಿಮುದ್ರಿಕೆಯನ್ನು ಮತ್ತೆ ಮತ್ತೆ ಸುತ್ತಿಬರುವಂತೆ ಜೋಡಿಸಿ, ಅದರ ಮೇಲೆ ಮೂಗ್ ಸಿಂಥೆಸೈಸರ್ ನುಡಿಸಲಾಗಿದೆ. ಹಳೆಯ ಧ್ವನಿಮುದ್ರಿಕೆಯ ತುಣುಕನ್ನು ಹೊಸ ಹಾಡಿನ ತಳಪಾಯವಾಗಿ ಬಳಸುವ ಈ ವಿಧಾನ ಮುಂದೆ ಜನಪ್ರಿಯ ಸಂಗೀತದಲ್ಲಿ ಸಾಮಾನ್ಯವಾಯಿತು.

'ಹೆಜಿರಾ' (1976) ಆಲ್ಬಮ್ಮಿನ ಹೆಸರಿಗೆ ಮೂಲ ವಲಸೆ ಎಂಬ ಅರ್ಥದ ಅರಬ್ಬಿ ಪದ. ಇದರ ಹಲವು ಹಾಡುಗಳು ಮೇಯ್ನ್ ರಾಜ್ಯದಿಂದ ಲಾಸ್ ಏಂಜಲೀಸ್‌ಗೆ ಮಿಚೆಲ್ ಒಬ್ಬರೇ ಕಾರು ಓಡಿಸಿಕೊಂಡು ಬಂದ ದಾರಿಯಲ್ಲಿ ಹುಟ್ಟಿದವು. ಒಂಬತ್ತು ಹಾಡುಗಳ ಪೈಕಿ ನಾಲ್ಕಕ್ಕೆ ಜೇಕೊ ಪಾಸ್ಟೋರಿಯಸ್ ಬಾಸ್ ಗಿಟಾರ್ ನುಡಿಸಿದ್ದಾರೆ. ಅವರದು ಮೆಟ್ಟುಗಳಿಲ್ಲದ ಬಾಸ್. ಮೆಟ್ಟಿನ ತಡೆಯಿಲ್ಲದ್ದರಿಂದ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತ ಹೋಗಬಹುದು. ಸಾಮಾನ್ಯವಾಗಿ ತಳದಲ್ಲಿ ಲಯ ಕಾಯುವ ಈ ವಾದ್ಯ ಇಲ್ಲಿ ಗಾಯನಕ್ಕೆ ಮರುನುಡಿಯುವ ಎರಡನೆಯ ಕಂಠದಂತೆ ಕೇಳುತ್ತದೆ. ಪಲ್ಲವಿಯೇ ಇಲ್ಲದೆ, ಒಂದೇ ಧಾಟಿಯ ಉದ್ದುದ್ದ ಚರಣಗಳಲ್ಲಿ ಸಾಗುವುದು ಈ ಆಲ್ಬಮ್ಮಿನ ರಚನಾಕ್ರಮ.

'ಡಾನ್ ಹ್ವಾನ್ಸ್ ರೆಕ್‌ಲೆಸ್ ಡಾಟರ್' (1977) ಎರಡು ಎಲ್‌ಪಿ ತಟ್ಟೆಗಳ ಆಲ್ಬಮ್. ಇದರ 'ಪ್ಯಾಪ್ರಿಕಾ ಪ್ಲೇನ್ಸ್' ತಟ್ಟೆಯ ಒಂದು ಮಗ್ಗುಲನ್ನು ಇಡಿಯಾಗಿ ತುಂಬುವ, ಸುಮಾರು 16 ನಿಮಿಷಗಳ ರಚನೆ. ಪಿಯಾನೊದ ಮನೋಧರ್ಮ ವಾದನಕ್ಕೆ ಇಲ್ಲಿ ವಾದ್ಯವೃಂದವನ್ನು ಬೆಸೆಯಲಾಗಿದೆ.

ನರರೋಗದಿಂದ ಗಾಲಿಕುರ್ಚಿ ಹಿಡಿದಿದ್ದ ಜಾಸ್ ಸಂಯೋಜಕ ಚಾರ್ಲ್ಸ್ ಮಿಂಗಸ್, ತಮ್ಮ ಮಟ್ಟುಗಳಿಗೆ ಸಾಹಿತ್ಯ ಬರೆಯುವಂತೆ ಮಿಚೆಲ್ ಅವರನ್ನು ಕೇಳಿಕೊಂಡರು. ಕೆಲಸ ಮುಗಿಯುವ ಮೊದಲೇ, 1979ರ ಜನವರಿ 5ರಂದು, ಅವರು ಮೆಕ್ಸಿಕೊದಲ್ಲಿ ತೀರಿಕೊಂಡರು. ಅದೇ ವರ್ಷ ಬಂದ 'ಮಿಂಗಸ್' ಆಲ್ಬಮ್‌ನಲ್ಲಿ ವೇಯ್ನ್ ಶಾರ್ಟರ್, ಹರ್ಬಿ ಹ್ಯಾನ್‌ಕಾಕ್ ಮತ್ತು ಪಾಸ್ಟೋರಿಯಸ್ ನುಡಿಸಿದ್ದಾರೆ. ಪ್ಯಾಟ್ ಮೆಥೆನಿ, ಮೈಕಲ್ ಬ್ರೆಕರ್ ಮೊದಲಾದವರಿದ್ದ ಕಛೇರಿಯ ಮುದ್ರಣ 'ಶ್ಯಾಡೋಸ್ ಆಂಡ್ ಲೈಟ್' (1980) ಈ ಘಟ್ಟದ ಕೊನೆ.

*ಯಂತ್ರನಾದ (1982–1991):* 1982ರಲ್ಲಿ ಮಿಚೆಲ್ ಬಾಸ್ ವಾದಕ ಲ್ಯಾರಿ ಕ್ಲೈನ್ ಅವರನ್ನು ಮದುವೆಯಾದರು. ದಾಂಪತ್ಯ 1994ರಲ್ಲಿ ಮುರಿದರೂ ಸಂಗೀತದ ಸಹಯೋಗ ಮುಂದುವರಿಯಿತು. 'ವೈಲ್ಡ್ ಥಿಂಗ್ಸ್ ರನ್ ಫಾಸ್ಟ್' (1982) ರಾಕ್ ಕಡೆಗೆ ವಾಲಿತು. ಥಾಮಸ್ ಡಾಲ್ಬಿ ಅವರ ನೆರವಿನ 'ಡಾಗ್ ಈಟ್ ಡಾಗ್' (1985) ಆಲ್ಬಮ್‌ನಲ್ಲಿ ಸಿಂಥೆಸೈಸರ್‌ಗಳೂ ಕಂಪ್ಯೂಟರ್ ಲಯವೂ ಮುಂಚೂಣಿಗೆ ಬಂದವು. ಟಿವಿ ಧರ್ಮಪ್ರಚಾರಕರು ಮತ್ತು ಕೊಳ್ಳುಬಾಕತನದ ವಿರುದ್ಧದ ರಾಜಕೀಯ ಧ್ವನಿ ಇದರಲ್ಲಿದೆ. 'ನೈಟ್ ರೈಡ್ ಹೋಮ್' (1991) ಮತ್ತೆ ಗಿಟಾರಿನ ಕಡೆ ತಿರುಗಿತು.

*ಮರಳಿಕೆ ಮತ್ತು ವಾದ್ಯವೃಂದ (1994–2007):* 'ಟರ್ಬ್ಯುಲೆಂಟ್ ಇಂಡಿಗೊ' (1994) ಶ್ರೇಷ್ಠ ಪಾಪ್ ಆಲ್ಬಮ್ ಎಂದು ಗ್ರ್ಯಾಮಿ ಪಡೆಯಿತು. ಪ್ರತಿ ಹಾಡಿಗೂ ಬೇರೆ ಶ್ರುತಿ ಇದ್ದುದರಿಂದ ಕಛೇರಿಗಳಲ್ಲಿ ಹಾಡುಗಳ ನಡುವೆ ತಂತಿ ಬಿಗಿಯುವುದರಲ್ಲೇ ಹೊತ್ತು ಹೋಗುತ್ತಿತ್ತು. ರೋಲ್ಯಾಂಡ್ ಕಂಪನಿಯ ವಿಜಿ-8 ಎಂಬ ಉಪಕರಣ 1990ರ ದಶಕದ ನಡುವೆ ಈ ತೊಡಕನ್ನು ನಿವಾರಿಸಿತು. ತಂತಿಯನ್ನು ಮುಟ್ಟದೆ, ಗುಂಡಿ ಒತ್ತಿದೊಡನೆ ಎಲೆಕ್ಟ್ರಾನಿಕ್ ಆಗಿ ಶ್ರುತಿ ಬದಲಾಗುತ್ತಿತ್ತು. 'ಟೇಮಿಂಗ್ ದಿ ಟೈಗರ್' (1998) ಆಲ್ಬಮ್ಮಿನ ನಾದ ಈ ಉಪಕರಣದ್ದೇ. ವಿನ್ಸ್ ಮೆಂಡೋಜಾ ವಾದ್ಯವೃಂದ ಅಳವಡಿಸಿದ 'ಬೋತ್ ಸೈಡ್ಸ್ ನೌ' (2000) ಹೆಚ್ಚಾಗಿ ಹಳೆಯ ಜನಪ್ರಿಯ ಗೀತೆಗಳನ್ನೂ, 'ಟ್ರಾವೆಲಾಗ್' (2002) ಇವರದೇ ಹಳೆಯ ರಚನೆಗಳನ್ನೂ ಒಳಗೊಂಡಿವೆ. 'ಶೈನ್' (2007) ಇವರ ಕೊನೆಯ ಸ್ಟುಡಿಯೊ ಆಲ್ಬಮ್.

ಶಾರೀರ

ಮಿಚೆಲ್ ಚಿಕ್ಕಂದಿನಿಂದಲೇ ಧೂಮಪಾನಿ. ಯೌವನದ ಸೊಪ್ರಾನೊ ಕಂಠ 1980ರ ದಶಕದ ಹೊತ್ತಿಗೆ ತಗ್ಗಿ, 2000ರ ವೇಳೆಗೆ ಗಡಸು ಮಂದ್ರ ಶಾರೀರವಾಯಿತು. ಇದನ್ನು ಅಳೆಯಲು 'ಬೋತ್ ಸೈಡ್ಸ್ ನೌ' ಹಾಡಿನ ಎರಡು ಮುದ್ರಣಗಳು ನೆರವಾಗುತ್ತವೆ. 1967ರಲ್ಲಿ ವಿಮಾನದಲ್ಲಿ ಸಾಲ್ ಬೆಲೋ ಅವರ 'ಹೆಂಡರ್ಸನ್ ದಿ ರೈನ್ ಕಿಂಗ್' ಕಾದಂಬರಿ ಓದುತ್ತಿದ್ದಾಗ, ಮೋಡಗಳನ್ನು ಮೇಲಿನಿಂದ ಕಂಡ ಪ್ರಸಂಗ ಅದರಲ್ಲಿ ಬಂತು. ಮಿಚೆಲ್ ತಾವೂ ಕಿಟಕಿಯಿಂದ ಕೆಳಗೆ ಮೋಡಗಳನ್ನು ನೋಡಿ ಈ ಹಾಡು ಬರೆದರು. ಮೋಡ, ಪ್ರೀತಿ, ಬದುಕು ಈ ಮೂರನ್ನೂ ಎರಡು ಬದಿಗಳಿಂದ ನೋಡಿಯೂ ಅರಿಯಲಾಗಲಿಲ್ಲ ಎಂಬುದು ಅದರ ಸಾರ.

1969ರ ಮುದ್ರಣದಲ್ಲಿ ಗಾಯಕಿಗೆ 25 ವರ್ಷ. ಪಕ್ಕದಲ್ಲಿ ಗಿಟಾರ್ ಮಾತ್ರ, ಕಂಠ ಹಗುರ, ನಡೆ ಚುರುಕು. 2000ದ ಮುದ್ರಣದಲ್ಲಿ ವಯಸ್ಸು 56. ಶ್ರುತಿ ಕೆಳಗಿಳಿದಿದೆ, ನಡೆ ವಿಳಂಬವಾಗಿದೆ, ತಂತಿವಾದ್ಯಗಳ ದಟ್ಟ ಹಿನ್ನೆಲೆಯಲ್ಲಿ ಒಂದೊಂದು ಪದವೂ ಬಿಡಿಯಾಗಿ, ಉಸಿರಿನ ಭಾರದೊಡನೆ ಬರುತ್ತದೆ. ಎರಡೂ ಆಲ್ಬಮ್‌ಗಳಲ್ಲಿ ಇದೇ ಕೊನೆಯ ಹಾಡು.

ಚಿತ್ರಕಲೆ

ಮಿಚೆಲ್ ತಮ್ಮನ್ನು ಮೊದಲು ಚಿತ್ರಕಲಾವಿದೆ ಎಂದು ಕರೆದುಕೊಂಡಿದ್ದಾರೆ. ಹಲವು ಆಲ್ಬಮ್‌ಗಳ ಹೊದಿಕೆಯ ಚಿತ್ರ ಇವರದೇ. 'ಕ್ಲೌಡ್ಸ್' ಹೊದಿಕೆಯಲ್ಲಿರುವುದು ಇವರ ಸ್ವಂತ ಭಾವಚಿತ್ರ. 'ಟರ್ಬ್ಯುಲೆಂಟ್ ಇಂಡಿಗೊ' ಹೊದಿಕೆಯಲ್ಲಿ, ಕಿವಿಗೆ ಪಟ್ಟಿ ಕಟ್ಟಿಕೊಂಡ ವಾನ್ ಗೋ ಚಿತ್ರದ ಮಾದರಿಯಲ್ಲಿ ತಮ್ಮನ್ನೇ ಬಿಡಿಸಿಕೊಂಡಿದ್ದಾರೆ.

ಪ್ರಭಾವ ಮತ್ತು ಬಳಕೆ

ಇವರ ಹಾಡುಗಳು ಪ್ರಕಾರಗಳ ಗಡಿ ದಾಟಿ ಬಳಕೆಯಲ್ಲಿವೆ. 'ವುಡ್‌ಸ್ಟಾಕ್' ಹೆಚ್ಚು ಜನರನ್ನು ತಲುಪಿದ್ದು ಕ್ರಾಸ್ಬಿ, ಸ್ಟಿಲ್ಸ್, ನ್ಯಾಶ್ ಆಂಡ್ ಯಂಗ್ ತಂಡದ ರಾಕ್ ರೂಪದಲ್ಲಿ. ಜಾನೆಟ್ ಜ್ಯಾಕ್ಸನ್ 1997ರಲ್ಲಿ 'ಬಿಗ್ ಯೆಲ್ಲೊ ಟ್ಯಾಕ್ಸಿ'ಯ ತುಣುಕನ್ನು ತಮ್ಮ ಹಾಡಿನಲ್ಲಿ ಅಳವಡಿಸಿಕೊಂಡರು. 'ಎ ಕೇಸ್ ಆಫ್ ಯೂ' ಹಾಡನ್ನು ಪ್ರಿನ್ಸ್ ಹಾಡಿದ್ದಾರೆ. 'ಬ್ಲೂ' ಆಲ್ಬಮ್ಮಿನ 'ರಿವರ್' ಕ್ರಿಸ್‌ಮಸ್ ಹೊತ್ತಿನ ವಿರಹಗೀತೆ. ಈಗ ಅದು ಆ ಹಬ್ಬದ ವಾಡಿಕೆಯ ಹಾಡುಗಳಲ್ಲೊಂದು. ಹರ್ಬಿ ಹ್ಯಾನ್‌ಕಾಕ್ ಮಿಚೆಲ್ ರಚನೆಗಳನ್ನು ಆಧರಿಸಿ ಹೊರತಂದ 'ರಿವರ್: ದಿ ಜೋನಿ ಲೆಟರ್ಸ್' (2007) ಜಾಸ್ ಆಲ್ಬಮ್ ಆಗಿದ್ದೂ ವರ್ಷದ ಆಲ್ಬಮ್ ಎಂಬ ಗ್ರ್ಯಾಮಿ ಪಡೆಯಿತು. ಚಲನಚಿತ್ರಗಳಲ್ಲಿ 'ಬೋತ್ ಸೈಡ್ಸ್ ನೌ' 'ಲವ್ ಆಕ್ಚುಯಲಿ' (2003) ಮತ್ತು 'ಕೋಡಾ' (2021) ಚಿತ್ರಗಳಲ್ಲಿ ಬಳಕೆಯಾಗಿದೆ. ಆಲ್ಬರ್ಟಾ ಬ್ಯಾಲೆ ತಂಡ 2007ರಲ್ಲಿ ಇವರ ಹಾಡುಗಳಿಗೆ 'ದಿ ಫಿಡಲ್ ಆಂಡ್ ದಿ ಡ್ರಮ್' ಎಂಬ ನೃತ್ಯರೂಪಕ ಪ್ರದರ್ಶಿಸಿತು.

ಗೌರವಗಳು

ಸ್ವೀಡನ್ನಿನ ಪೋಲಾರ್ ಸಂಗೀತ ಪ್ರಶಸ್ತಿ (1996), ರಾಕ್ ಆಂಡ್ ರೋಲ್ ಹಾಲ್ ಆಫ್ ಫೇಮ್ ಪ್ರವೇಶ (1997), ಗ್ರ್ಯಾಮಿ ಜೀವಮಾನ ಸಾಧನೆ ಪ್ರಶಸ್ತಿ (2002), ಕೆನಡಾದ ಉನ್ನತ ನಾಗರಿಕ ಗೌರವವಾದ ಕಂಪ್ಯಾನಿಯನ್ ಆಫ್ ದಿ ಆರ್ಡರ್ ಆಫ್ ಕೆನಡಾ, ಕೆನೆಡಿ ಸೆಂಟರ್ ಗೌರವ (2021) ಮತ್ತು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ನೀಡುವ ಗರ್ಶ್ವಿನ್ ಪ್ರಶಸ್ತಿ (2023) ಇವರಿಗೆ ಸಂದ ಮುಖ್ಯ ಗೌರವಗಳು.

ಇಂದಿನ ಸ್ಥಿತಿ

2015ರ ಮಾರ್ಚ್‌ನಲ್ಲಿ ಮಿದುಳಿನ ರಕ್ತನಾಳ ಉಬ್ಬಿ ಒಡೆದು ಮಿಚೆಲ್ ಮಾತು ಮತ್ತು ನಡಿಗೆಯ ಶಕ್ತಿಯನ್ನು ಕಳೆದುಕೊಂಡರು. ಚೇತರಿಕೆ ವರ್ಷಗಟ್ಟಲೆ ಹಿಡಿಯಿತು. ಗಾಯಕಿ ಬ್ರ್ಯಾಂಡಿ ಕಾರ್ಲೈಲ್ ಮೊದಲಾದ ಕಿರಿಯ ಕಲಾವಿದರು ಇವರ ಮನೆಯಲ್ಲಿ ಸೇರಿ ಹಾಡುವ ಕೂಟಗಳು ಕ್ರಮೇಣ ಇವರನ್ನು ಮತ್ತೆ ಹಾಡಿಗೆ ತಂದವು. 2020ರಿಂದ ಅಪ್ರಕಟಿತ ಧ್ವನಿಮುದ್ರಣಗಳ ಸಂಗ್ರಹ ಸಂಪುಟಗಳಾಗಿ ಹೊರಬರುತ್ತಿದೆ.

2022ರ ಜುಲೈ 24ರಂದು ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಮಿಚೆಲ್ ಮುನ್ಸೂಚನೆಯಿಲ್ಲದೆ ವೇದಿಕೆಗೆ ಬಂದರು. 1969ರ ನಂತರ ಅಲ್ಲಿ ಅವರು ಹಾಡಿದ್ದು ಅದೇ ಮೊದಲು. ಆ ಕಛೇರಿಯ ಮುದ್ರಣಕ್ಕೆ 2024ರಲ್ಲಿ ಶ್ರೇಷ್ಠ ಜಾನಪದ ಆಲ್ಬಮ್ ಎಂಬ ಗ್ರ್ಯಾಮಿ ದೊರೆಯಿತು. ಅದೇ ಸಮಾರಂಭದಲ್ಲಿ, 80ನೆಯ ವಯಸ್ಸಿನಲ್ಲಿ, ಅವರು ಗ್ರ್ಯಾಮಿ ವೇದಿಕೆಯ ಮೇಲೆ ಮೊದಲ ಬಾರಿಗೆ ಹಾಡಿದರು. ಹಾಡಿದ್ದು 'ಬೋತ್ ಸೈಡ್ಸ್ ನೌ'. 2024ರ ಅಕ್ಟೋಬರ್‌ನಲ್ಲಿ ಲಾಸ್ ಏಂಜಲೀಸ್‌ನ ಹಾಲಿವುಡ್ ಬೌಲ್‌ನಲ್ಲಿ ಎರಡು ದಿನ ಕಛೇರಿ ನಡೆಸಿದರು.

ಕಾಯಿಲೆಯ ನಂತರ ಮಿಚೆಲ್ ಗಿಟಾರನ್ನು ಮೊದಲಿನಿಂದ ಕಲಿಯಬೇಕಾಯಿತು. ಇವರ ಶ್ರುತಿಜೋಡಣೆಗಳೂ ಬೆರಳಿನ ಇರವುಗಳೂ ಇವರವೇ ಆದ್ದರಿಂದ, ತಮ್ಮ ಹಳೆಯ ವಿಡಿಯೊಗಳನ್ನು ಹಾಕಿಕೊಂಡು, ಅಂದು ಎಡಗೈ ಎಲ್ಲೆಲ್ಲಿ ಒತ್ತುತ್ತಿತ್ತೆಂದು ನೋಡಿ ಕಲಿತರು. ನ್ಯೂಪೋರ್ಟ್ ವೇದಿಕೆಯಲ್ಲಿ 'ಕೋರ್ಟ್ ಆಂಡ್ ಸ್ಪಾರ್ಕ್' ಆಲ್ಬಮ್ಮಿನ 'ಜಸ್ಟ್ ಲೈಕ್ ದಿಸ್ ಟ್ರೇನ್' ಹಾಡನ್ನು ಕಂಠವಿಲ್ಲದೆ, ಎದ್ದುನಿಂತು ಗಿಟಾರಿನಲ್ಲೇ ನುಡಿಸಿದರು.